ಕೆರೆ ಕಾಯುವುದನ್ನು ಬಿಟ್ಟ ವರ್ಷ

ನಮ್ಮೂರಿನ ಕೆರೆಯ ದಂಡೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಟ್ಟೆ ಒಗೆಯುವವರೂ ಅಷ್ಟೇ, ಎಮ್ಮೆ ಮೈ ತೊಳೆಯುವವರೂ ಅಷ್ಟೇ. ಮಾತು ಬಂತೆಂದರೆ ಮೇಲಿನ ಆಲದ ಮರದ ತನಕ ಹತ್ತಿ ಬಂದು, ಆಡಿ ಮುಗಿಸಿ, ಮತ್ತೆ ಇಳಿಯುತ್ತಾರೆ. ಹೊರಗಿನವರು ನೋಡಿ ಇದನ್ನು ಭಕ್ತಿ ಅಂದುಕೊಳ್ಳುತ್ತಾರೆ. ಭಕ್ತಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ನಮ್ಮ ಕೆರೆ ಹೇಳಿದ ಮಾತು ಕೇಳುತ್ತದೆ, ಒಮ್ಮೆ ಕೇಳಿದ ಮೇಲೆ ಬಿಡುವುದಿಲ್ಲ, ಅಷ್ಟೇ. ಖಾನಾವಳಿಯ ಯಮನಪ್ಪನ ಮುತ್ತಜ್ಜ ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡು, ಸಿಟ್ಟಿನ ಭರದಲ್ಲಿ ದಂಡೆಗೆ ಹೋಗಿ, "ನಿನ್ನ ಮೀನಿಗೆ ಬೆಂಕಿ ಬೀಳ್ಲಿ, ಇನ್ನ ಒಂದೂ ಕೊಡಬ್ಯಾಡ" ಎಂದು ಬೈದು ಬಂದನಂತೆ. ಅವತ್ತಿಗೆ ಮೀನು ಮುಗಿಯಿತು. ಆಮೇಲೆ ಮುದುಕ ಸಾಯುವ ತನಕ ತಪ್ಪಾಯಿತು ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡ. ಕೆರೆ ಕೇಳಲಿಲ್ಲ. ಈಗಲೂ ನಾವು ಮೀನನ್ನು ಪಕ್ಕದೂರಿನಿಂದ ತರುತ್ತೇವೆ, ತಿನ್ನುವಾಗೆಲ್ಲ ಆ ಮುತ್ತಜ್ಜನಿಗೆ ಒಂದೊಂದು ಬೈಗುಳ ಸಲ್ಲಿಸುತ್ತೇವೆ.

ಕೆರೆ ಸಣ್ಣದಲ್ಲ. ಆಚೆ ದಂಡೆ ಕಾಣಬೇಕಾದರೆ ಕಣ್ಣು ಚುರುಕಿರಬೇಕು, ಬೆಳಗು ತಿಳಿಯಾಗಿರಬೇಕು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎರಡು ಬೆಳಗು ನೀರು ನಡುವೆ ಸರಿದು ನಿಂತು ದಾರಿ ಬಿಡುತ್ತದೆ. ಮೊದಲ ಬೆಳಗು ಗಂಡಸರದು, ಮರುದಿನದ್ದು ಹೆಂಗಸರದು. ಆ ದಾರಿಯಲ್ಲಿ ಓಡಿ, ನೀರು ಮತ್ತೆ ಕೂಡಿಕೊಳ್ಳುವುದರೊಳಗೆ ಆಚೆ ದಂಡೆ ಮುಟ್ಟಿದವರಿಗೆ ಮೂರನೆಯ ದಿನದ ದೊಡ್ಡ ಓಟದಲ್ಲಿ ನಿಲ್ಲುವ ಹಕ್ಕು. ದೊಡ್ಡ ಓಟವೆಂದರೆ ಈಗಿನ ಹುಡುಗರು ಮ್ಯಾರಥಾನ್ ಅನ್ನುತ್ತಾರಲ್ಲ, ಅದೇ. ಆಚೆ ದಂಡೆಯ ಹುಣಸೆಮರದಡಿ ಹೊರಟು ಗುಡ್ಡ ಬಳಸಿ ಬರುವ ಇಪ್ಪತ್ತಾರು ಮೈಲಿ. ಸುತ್ತಲ ಊರಿನವರೆಲ್ಲ ಓಡುತ್ತಾರೆ. ಕೆರೆ ದಾಟಿದವರ ಹೆಸರನ್ನು ಅಲ್ಲಿನ ಕೂಗುಗಾರ ಗಂಟಲು ಬಿಚ್ಚಿ ಕೂಗುತ್ತಾನೆ. ಹೆಸರಿನಲ್ಲಿ ಆಜ್ಞೆಯಿಲ್ಲವಲ್ಲ, ಅದನ್ನು ಕೆರೆ ತಡೆಯುವುದಿಲ್ಲ. ನೀರಿನ ಮೇಲೆ ಹಾದು ಬಂದು ಈಚೆ ದಂಡೆಯಲ್ಲಿ ಕೂತವರ ಕಿವಿಗೆ ಬೀಳುತ್ತದೆ. ಹಾಗೆ ಕೂಗಿದ ಹೆಸರಿನವರೇ ದೊಡ್ಡ ಓಟಕ್ಕೆ ನಿಲ್ಲಬೇಕು, ಬೇರೆಯವರು ನಿಲ್ಲುವಂತಿಲ್ಲ.

ನನ್ನ ಪಾಲಿನ ಕೆಲಸ ಸುಣ್ಣದ್ದು. ಓಡುವವರ ಹಿಮ್ಮಡಿಯ ಮೇಲೆ, ಕಾಲ್ಗೆಜ್ಜೆ ಕೂರುವ ಜಾಗದಲ್ಲಿ, ಸುತ್ತಲೂ ಒಂದು ಸುಣ್ಣದ ಗೆರೆ ಎಳೆಯುತ್ತೇನೆ. ನಮ್ಮವ್ವ ಎಳೆಯುತ್ತಿದ್ದಳು, ಈಗ ನಾನು. ಊರವರು ನನ್ನನ್ನು ಕರೆಯುವುದೇ ಸುಣ್ಣದಕ್ಕ ಎಂದು. ಆಚೆ ದಂಡೆಯಲ್ಲಿ ಗೆರೆ ನೆಟ್ಟಗಿದ್ದರೆ ದಾಟಿದಂತೆ, ಕರಗಿದ್ದರೆ ಇಲ್ಲ. ಮುಳುಗುವ ಭಯವೇನೂ ಇಲ್ಲ. ನೀರು ಅವಸರ ಮಾಡುವುದಿಲ್ಲ, ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ಸೊಂಟ, ಅಷ್ಟರಲ್ಲಿ ತೆಪ್ಪದ ಪರಸಪ್ಪ ಬಂದು ಎತ್ತಿ ಹಾಕಿಕೊಳ್ಳುತ್ತಾನೆ.

ಹೆಂಗಸರ ಬೆಳಗಿನಲ್ಲಿ ಕೆರೆ ಕಾಯುತ್ತಿತ್ತು. ಗಂಡಸರಿಗೆ ಬರುವ ಹೊತ್ತು ಮೀರಿ, ಒಂದು ಒಲೆ ಅನ್ನ ಬೇಯುವಷ್ಟು ಹೆಚ್ಚಿಗೆ ನಿಲ್ಲುತ್ತಿತ್ತು. ಯಾವ ಮುತ್ತಜ್ಜಿ ಹೇಳಿ ನಿಲ್ಲಿಸಿದ್ದೋ, ತಾನಾಗಿಯೇ ನಿಂತಿದ್ದೋ, ಬಲ್ಲವರಿಲ್ಲ. ನೀರು ಪ್ರತಿ ಸಲ ಒಂದೇ ಹೊತ್ತಿಗೆ ಮರಳುವುದೂ ಇಲ್ಲ, ಹಾಗಾಗಿ ಗಡಿಯಾರ ಹಿಡಿದು ನೋಡಿ ಪ್ರಯೋಜನವಿಲ್ಲ. ಹೆಂಗಸೊಬ್ಬಳು ಗಂಡಸರ ದಿನ ಇಳಿದಳೆಂದರೆ ಅವತ್ತೂ ಕೆರೆ ಕಾಯುತ್ತಿತ್ತು, ಕುಂಟುವವರೂ ದಾಟುತ್ತಿದ್ದರು. ಅದಕ್ಕೆ ನಮ್ಮನ್ನು ಆ ದಿನ ದಂಡೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಭೂಪ ಸೀರೆ ಉಟ್ಟುಕೊಂಡು ನಮ್ಮ ದಿನ ಓಡಿದ. ನೀರು ಅವನೊಬ್ಬನನ್ನೇ ಹುಡುಕಿಕೊಂಡು ಬಂದು ಸೀರೆ ಒಯ್ದಿತು. ಅವನ ಮೊಮ್ಮಕ್ಕಳಿಗೆ ಇವತ್ತಿಗೂ ಸೀರೆಯವರು ಎಂದೇ ಹೆಸರು.

ಕಾಶವ್ವ ಗಾಣಿಗರ ಮನೆಯವಳು. ಗಾಣದೆತ್ತಿನ ಹಿಂದೆ ಸುತ್ತಿ ಸುತ್ತಿ ಬೆಳೆದ ಕಾಲು, ಉದ್ದುದ್ದ, ಗಂಟಲಲ್ಲೂ ಉಸಿರಲ್ಲೂ ಗಟ್ಟಿ. ಅವಳು ಇಳಿದ ವರ್ಷದಿಂದ ಹೆಂಗಸರಲ್ಲಿ ಮೊದಲು ಕೂಗುವ ಹೆಸರು ಅವಳದೇ. ಉಳಿದವರು ಇನ್ನೂ ಚುಕ್ಕೆಯಷ್ಟು ಕಾಣುತ್ತಿರುವಾಗಲೇ ಅವಳು ಆಚೆ ದಂಡೆಯಲ್ಲಿ ಕೂತು ಹುಣಸೆಕಾಯಿ ಕಡಿಯುತ್ತಿದ್ದಳು. ಆದರೆ ಊರಿಗೆ ಬಂದರೆ ಖಾನಾವಳಿಯ ಬೆಂಚಿನ ಮೇಲೆ ಒಂದೇ ಮಾತು. ಅವಳ ಅಣ್ಣ ಗದಿಗೆಪ್ಪನೇ ಅದರ ಮುಂದಾಳು. ಅವನು ಗಂಡಸರ ದಿನ ದಾಟಿದವನೇ, ಆದರೆ ಹೇಗೆ ದಾಟಿದ್ದ ಎಂದು ಅವನ ಗೆರೆ ನೋಡಿದ ನನಗೆ ಗೊತ್ತು, ಅರ್ಧ ಅಳಿಸಿ ಅರ್ಧ ಉಳಿದಿತ್ತು.

"ನೀ ದಾಟಲಿಲ್ಲ ತಂಗಿ, ಕೆರಿ ನಿನ್ನ ಕೈ ಹಿಡದು ದಾಟಿಸ್ತು" ಎಂದು ಅವನು ಅನ್ನುವುದು, ಬೆಂಚಿನವರು ಹಲ್ಲು ಕಿರಿಯುವುದು. ಕಾಶವ್ವ ಮೈಯೆಲ್ಲ ಉರಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. "ಸುಣ್ಣದಕ್ಕ, ನಾ ಗಂಡಸರ ಹೊತ್ತಿನ್ಯಾಗ ದಾಟೀನಿ, ಖರೇ ಹೇಳ್ತೀನಿ. ಆದ್ರ ಹೆಂಗ ತೋರಿಸ್ಲಿ? ಕೆರಿ ನಿಂತಿರ್ತೈತಿ. ನಾ ಗಳಿಸಿದ್ದಕ್ಕೂ ದಾನ ಅಂತ ಹೆಸರು ಬರ್ತೈತಿ." ಹೀಗೆಂದು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಪಾಪ, ಅವಳ ಸಂಕಟ ಸುಳ್ಳಲ್ಲ.

ಅವಳು ಹೀಗೆ ಅತ್ತಾಗೆಲ್ಲ ಪಕ್ಕದಲ್ಲಿ ಕೂತಿರುತ್ತಿದ್ದವಳು ದಾವಲ್‌ಬಿ. ಪಿಂಜಾರ ಓಣಿಯವಳು, ಹಗಲೆಲ್ಲ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯ ಸೊಸೆ. ಹತ್ತಿಯ ನವಿರು ಎದೆಗೆ ಹೋಗಿ ಸದಾ ಒಂದು ಒಣಕೆಮ್ಮು. ಎರಡು ಹೆತ್ತವಳು. ಅವಳಿಗೆ ಉಸಿರು ಹಿಡಿದು ಬಿಡುವುದನ್ನು ಕಲಿಸಿದ್ದೇ ಕಾಶವ್ವ. ಬೆಳಿಗ್ಗೆ ಇಬ್ಬರೂ ಇಟ್ಟಿಗೆಗೂಡಿನ ಹಾದಿಯಲ್ಲಿ ಓಡುತ್ತಿದ್ದರು, ಒಬ್ಬಳು ಮುಂದೆ, ಒಬ್ಬಳು ಕೆಮ್ಮುತ್ತ ಹಿಂದೆ. ದಾವಲ್‌ಬಿ ಪ್ರತಿ ವರ್ಷ ಕಾಲು ಚಾಚುತ್ತಿದ್ದಳು, ಪ್ರತಿ ವರ್ಷ ನೀರು ಅವಳ ಗೆರೆ ತಿನ್ನುತ್ತಿತ್ತು. ಆದರೆ ತಿನ್ನುವ ಜಾಗ ವರ್ಷವರ್ಷಕ್ಕೆ ಆಚೆ ದಂಡೆಯ ಕಡೆ ಸರಿಯುತ್ತಿತ್ತು. ಹಿಂದಿನ ವರ್ಷವಂತೂ ಕೈ ಚಾಚಿದ್ದರೆ ದಂಡೆಯ ಹುಲ್ಲು ಸಿಗುತ್ತಿತ್ತಂತೆ. ಈ ಸಲ ದಾಟುತ್ತಾಳೆಂದು ಓಣಿಗೆ ಓಣಿಯೇ ನಂಬಿತ್ತು.

ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಅವಳ ಅತ್ತೆ ಇಮಾಂಬಿ. ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು, ಕಿವಿ ಮಾತ್ರ ಬೆಕ್ಕಿನದು. "ಮಗನ ಹೆಸರು ಕೇಳಿ ಕೇಳಿ ಸಾಕಾಗೇತಿ, ಅಂವಾ ಸಾಲಗಾರರ ಬಾಯಾಗ ದಿನಾ ಇರ್ತಾನ. ಸೊಸಿ ಹೆಸರು ನೀರ ಮ್ಯಾಲಿಂದ ಬರೂದು ಒಮ್ಮೆ ಕೇಳಬೇಕು. ಕೇಳಿ ಕಣ್ಣು ಮುಚ್ತೀನಿ" ಎನ್ನುತ್ತಿದ್ದಳು. ಕಣ್ಣು ಆಗಲೇ ಮುಚ್ಚೇ ಇದೆಯಲ್ಲವ್ವ ಎಂದು ನಾನು ಕಾಡಿಸಿದರೆ ಕೋಲು ಎತ್ತುತ್ತಿದ್ದಳು. ಖಾನಾವಳಿಯ ಮಾತು ಅವಳ ಕಿವಿಗೂ ಬಿದ್ದಿತ್ತು. "ಕಾಯ್ತೈತಿ ಅಂತಾರ, ಹುಚ್ಚಪ್ಪಗಳು. ಅದು ಕಾಯೂದಲ್ಲವಾ, ಅಳತಿ. ನನ್ನ ಕುಬಸ ನನ್ನ ಮಗನ ಅಂಗಿ ಅಳತಿಗೆ ಹೊಲಿಸಿದ್ರ ಹಾಕ್ಕೊಳ್ಳಾಕ ಆಕ್ಕೈತೇನ?"

ಓಟಕ್ಕೆ ಇನ್ನೇನು ಒಂದು ವಾರವಿತ್ತು. ನಾನೂ ದಾವಲ್‌ಬಿಯೂ ಆಲದ ಮರದಡಿ ನಿಂತಿದ್ದೆವು, ಅವಳ ತಲೆಯ ಮೇಲೆ ಹತ್ತಿ ಗಂಟಿತ್ತು. ಕಾಶವ್ವ ದಂಡೆಯಿಂದ ಹತ್ತಿ ಬಂದಳು. ಮುಖ ಬೆಳಗುತ್ತಿತ್ತು, ಮದುವೆ ಗೊತ್ತಾದ ಹುಡುಗಿಯ ಮುಖದ ಹಾಗೆ.

"ಹೇಳಿ ಬಂದೆ" ಎಂದಳು.

"ಯಾರಿಗೆ? ಏನು?" ಎಂದೆ ನಾನು.

"ಕೆರಿಗೆ. ಹೆಂಗಸರಿಗೆ ಇನ್ನ ಕಾಯಬ್ಯಾಡ, ಗಂಡಸರಿಗೆ ಬಂದಂಗ ನಮಗೂ ಬಾ ಅಂದೆ. ಇನ್ನ ಯಾವನ ನಾಲಿಗಿ ಏಳ್ತೈತಿ ನೋಡ್ತೀನಿ."

ದಾವಲ್‌ಬಿ ಗಂಟನ್ನು ಇಳಿಸಲೂ ಇಲ್ಲ, ಅದೇ ತಲೆಯಿಂದ ಜಾರಿ ಬಿತ್ತು. ಹತ್ತಿ ಬಿದ್ದರೆ ಸದ್ದೂ ಆಗುವುದಿಲ್ಲ. "ಯವ್ವಾ ಕಾಶಿ" ಎಂದಳು. "ಯಾರನ್ನ ಕೇಳಿ ಹೇಳ್ದಿ?"

"ಕೇಳೂದೇನು ಬಂತು? ನಿನಗೂ ಮಾನ ಬಂದಂಗ ಅಲ್ಲೇನ? ನೀ ಈಗ ಗಾಳಿ ಆಗೀದಿ ದಾವಲ, ದಾಟ್ತೀ. ನಾ ನೋಡೀನಲ್ಲ." ಅವಳು ಅದನ್ನು ಮನಸಾರೆ ಅಂದಳು. ಸುಳ್ಳಾಡುವ ಜೀವವಲ್ಲ ಅದು. ತನ್ನ ಉಸಿರಿನಲ್ಲೇ ಎಲ್ಲರ ಉಸಿರನ್ನೂ ಅಳೆದುಬಿಟ್ಟಿತ್ತು, ಅಷ್ಟೇ. ದಾವಲ್‌ಬಿ ಕೂತು ಮಣ್ಣು ಹತ್ತಿದ ಹತ್ತಿಯನ್ನು ಆರಿಸತೊಡಗಿದಳು.

ಸುದ್ದಿ ಊರಿಗೆ ಹಬ್ಬಿತು. ಯಮನಪ್ಪ ಅವತ್ತು ಚಹಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಗದಿಗೆಪ್ಪ ಬೆಂಚಿನ ಮೇಲೆ ನಿಂತು, "ನನ್ನ ತಂಗಿ! ಗಂಡುಮೆಟ್ಟಿನ ಹೆಣ್ಣು!" ಎಂದು ತೊಡೆ ತಟ್ಟಿದ, ಅಲ್ಲಿಯ ತನಕ ಒಂದು ದಿನವೂ ಅವಳನ್ನು ಹಾಗೆ ಹೊಗಳಿದವನಲ್ಲ. ಮುದುಕಿಯರು ಹಿಡಿ ಹಿಡಿ ಶಾಪ ಹಾಕಿದರು. ಇಮಾಂಬಿ ಮಾತ್ರ, "ಆಗಲಿ. ನನ್ನ ಸೊಸಿ ಆದ್ರೂ ದಾಟ್ತಾಳ" ಎಂದಳು. ಆ ವಾರವೆಲ್ಲ ದಾವಲ್‌ಬಿ ಹತ್ತಿ ಮುಟ್ಟದಂತೆ ತಾನೇ ಹಿಂಜುವ ಬಿಲ್ಲು ಹಿಡಿದು ಕುರುಡಿಯ ಅಂದಾಜಿನಲ್ಲಿ ಹಿಂಜಿದಳು.

ಹೆಂಗಸರ ಬೆಳಗು ಬಂತು. ಎಂದಿನ ಹಾಗೆ ಸಾಲಾಗಿ ಕೂತು ಕಾಲು ಚಾಚಿದರು. ಕಾಶವ್ವನ ಕಾಲು ಸ್ಥಿರವಾಗಿತ್ತು. ದಾವಲ್‌ಬಿಯದು ಬಿಸಿಯಿತ್ತು, ನಡುಗುತ್ತಿತ್ತು, ಎರಡು ಸಲ ಗೆರೆ ಸೊಟ್ಟಗಾಗಿ ಒರೆಸಿ ಎಳೆದೆ. "ಗಟ್ಟಿ ಎಳಿ ಸುಣ್ಣದಕ್ಕ" ಎಂದು ಪಿಸುಗುಟ್ಟಿದಳು. ಗಟ್ಟಿ ಎಳೆದೆ. ಆಮೇಲೆ ಎಲ್ಲರೂ ಬಾಯಿ ಮುಚ್ಚಿ ದಂಡೆಗಿಳಿದೆವು. ನೀರು ಸರಿದು ನಿಂತಿತ್ತು, ನಡುವೆ ಕಪ್ಪು ಹಾದಿ. ಹೊರಟರು. ನಮ್ಮೂರಿನಲ್ಲಿ ಓಡುವವರಿಗೆ ಹುರುಪು ತುಂಬಿ ಕೂಗುವ ಪದ್ಧತಿಯಿಲ್ಲ. ನೂರಾರು ಜನ ಸೆರಗು ಬಾಯಿಗೊತ್ತಿ ನಿಂತಿರುತ್ತೇವೆ, ಕೇಳುವುದು ಅಂಗಾಲಿನ ಸಪ್ಪಳ ಒಂದೇ. ಇಮಾಂಬಿ ನನ್ನ ಪಕ್ಕ ಚಾಪೆಯ ಮೇಲೆ ಕೂತು ಆ ಸಪ್ಪಳದಲ್ಲಿ ತನ್ನ ಸೊಸೆಯದು ಯಾವುದೆಂದು ಹುಡುಕುತ್ತಿದ್ದಳು.

ನೀರು ಬಂತು. ಎಂದೂ ಬರದ ಹೊತ್ತಿಗೆ, ಹಿಂದಿನ ದಿನ ಗಂಡಸರಿಗೆ ಬಂದ ಹಾಗೆಯೇ. ಕಾಶವ್ವನ ಮಾತನ್ನು ಕೆರೆ ಅಕ್ಷರಶಃ ನಡೆಸಿಕೊಟ್ಟಿತು. ಹಿಂದುಳಿದ ಹೆಂಗಸರೆಲ್ಲ ಹಾದಿಯ ನಡುವೆ ಒಬ್ಬೊಬ್ಬರಾಗಿ ನಿಲ್ಲುವುದು ನಮಗೆ ಕಂಡಿತು, ಮುಂದಿನದು ಕಾಣಲಿಲ್ಲ. ಮುಂದಿನದನ್ನು ಪರಸಪ್ಪ ಆಮೇಲೆ ಹೇಳಿದ್ದು. ಕಾಶವ್ವ ಯಾವಾಗಲೋ ದಂಡೆ ಹತ್ತಿದ್ದಳಂತೆ, ನೀರು ಅಲ್ಲಾಡುವುದಕ್ಕೂ ಮೊದಲೇ. ಅವಳು ಅಷ್ಟು ವರ್ಷ ಹೇಳಿಕೊಂಡು ಅತ್ತದ್ದು ನಿಜವಾಗಿತ್ತು. ದಾವಲ್‌ಬಿ ಅವಳ ಹಿಂದೆ ಬರುತ್ತಿದ್ದಳು, ಹಿಂದೆಂದೂ ಓಡದ ಹಾಗೆ, ಕೆಮ್ಮನ್ನು ಹಲ್ಲಲ್ಲಿ ಕಚ್ಚಿಕೊಂಡು. ಇನ್ನು ಸ್ವಲ್ಪವೇ ದೂರ. ಹಿಂದಿನ ವರ್ಷವಾಗಿದ್ದರೆ ಅವಳ ಕಾಲ ಕೆಳಗೆ ಒಣ ನೆಲ ಇರುತ್ತಿತ್ತು, ಅನ್ನ ಬೇಯುವಷ್ಟು ಹೊತ್ತೂ ಬೇಕಿರಲಿಲ್ಲ, ಅಕ್ಕಿ ತೊಳೆಯುವಷ್ಟು ಸಾಕಿತ್ತು. ನೀರು ಹಿಮ್ಮಡಿಗೆ ಬಂತು. ಅವಳು ಓಡಿದಳು. ಮೊಣಕಾಲಿಗೆ ಬಂತು. ಆಗಲೂ ನೀರನ್ನು ತಳ್ಳಿಕೊಂಡು ನಡೆದಳು. ದಂಡೆಯ ಮೇಲಿಂದ ಕಾಶವ್ವ, "ನಿಲ್ಲು! ನಿಲ್ಲು! ಆಕಿ ಬರ್ಲಿ!" ಎಂದು ನೀರಿಗೆ ಚೀರಿದಳಂತೆ. ಮೀನಿನ ಮುತ್ತಜ್ಜ ಚೀರಿದ್ದಕ್ಕಿಂತ ಹೆಚ್ಚೇನೂ ಫಲ ಸಿಗಲಿಲ್ಲ.

ಈಚೆ ದಂಡೆಯಲ್ಲಿದ್ದ ನಮಗೆ ಆಗ ಇದಾವುದೂ ಗೊತ್ತಿರಲಿಲ್ಲ. ಕೂಗು ಬಂತು, ನೀರಿನ ಮೇಲಿಂದ, ಉದ್ದಕ್ಕೆ: "ದಾವಲ್‌ಬಿ... ದಾವಲ್‌ಬಿ..."

ಇಮಾಂಬಿ ಎದ್ದು ನಿಂತಳು. ದಂಡೆಯಲ್ಲಿ ಮಾತಾಡುವಂತಿಲ್ಲವಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮೈಯೆಲ್ಲ ಅಲುಗಿ ಅಲುಗಿ ಅತ್ತಳು. ನನ್ನ ಕೈ ಹಿಡಿದು ಆಲದ ಮರದ ತನಕ ಹೆಚ್ಚುಕಡಿಮೆ ಓಡಿಯೇ ಹತ್ತಿದಳು. ಅಲ್ಲಿ ಬಾಯಿ ಬಿಟ್ಟು, "ಕೇಳ್ದ್ಯಾ? ಯವ್ವಾ ಸುಣ್ಣದವ್ವ, ಕೇಳ್ದ್ಯಾ? ನನ್ನ ಸೊಸಿ!" ಎಂದಳು. ನಾನೂ ಖುಷಿಯಲ್ಲಿ ಅವಳನ್ನು ತಬ್ಬಿಕೊಂಡೆ. ಬೇರೆ ಹೆಸರು ಬರಲಿಲ್ಲವಲ್ಲ ಎಂಬುದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ.

ತೆಪ್ಪ ಬಂದಾಗ ಹೊಳೆಯಿತು. ದಾವಲ್‌ಬಿ ಎದೆಮಟ್ಟ ತೊಯ್ದು ಇಳಿದಳು. ಕಾಲಲ್ಲಿ ಗೆರೆಯಿರಲಿಲ್ಲ. ಕೂಗುಗಾರ "ಹೆಸರೇನು ತಂಗಿ?" ಎಂದು ಕೇಳಿದಾಗ ಕಾಶವ್ವ ನೀರಲ್ಲಿ ನಿಂತವಳನ್ನು ಒಮ್ಮೆ ನೋಡಿ, ತನ್ನ ಹೆಸರು ನುಂಗಿ, ಅವಳ ಹೆಸರು ಕೊಟ್ಟಿದ್ದಳು. ಆ ವರ್ಷ ಅಲ್ಲಿ ಹೊಸ ಕೂಗುಗಾರ, ಯಾರು ಯಾರೆಂದು ಅವನಿಗೇನು ಗೊತ್ತು. ಊರಿಗೆಲ್ಲ ಸಂಜೆಯೊಳಗೆ ತಿಳಿಯಿತು. ಇಮಾಂಬಿಗೆ ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಮುದುಕಿ ಓಣಿಗೆಲ್ಲ ಬೆಲ್ಲ ಕೊಬ್ಬರಿ ಹಂಚಿದಳು, ಮೊದಲ ಚೂರನ್ನು ಸೊಸೆಯ ಬಾಯಿ ತಡವಿ ತಡವಿ ತಾನೇ ಇಟ್ಟಳು. ಬಿಸಿತುಪ್ಪ ಅನ್ನುತ್ತಾರಲ್ಲ, ನುಂಗಲೂ ಆಗದ್ದು ಉಗುಳಲೂ ಆಗದ್ದು, ಅದು ಏನೆಂದು ಅವತ್ತು ದಾವಲ್‌ಬಿಯ ಮುಖದಲ್ಲಿ ಕಂಡೆ. ಅವಳು ನುಂಗಿದಳು.

ಹೊತ್ತು ಇಳಿಯುವಾಗ ದಾವಲ್‌ಬಿ ಆ ಗದ್ದಲ ತಾಳಲಾರದೆ ನಮ್ಮ ಕಟ್ಟೆಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಕಾಶವ್ವನೂ ಬಂದಳು. ಅವಳ ಕಾಲಲ್ಲಿ ನಾನೆಳೆದ ಗೆರೆ ಬೆಳ್ಳಗೆ, ಒಂದು ಹನಿಯೂ ತಾಗದೆ ಇತ್ತು.

"ಮುದುಕಿ ಖುಷಿ ಆದ್ಲಂತಲ್ಲ" ಎಂದಳು ಮೆಲ್ಲಗೆ.

"ಹೂಂ. ಆದ್ಲು."

"ನನ್ನ ಹೆಸರು ಹೋದ್ರ ಹೋತು ಬಿಡು ದಾವಲ. ನಿನಗ ಕೊಡೂದು ಇತ್ತು ನನಗ, ಕೊಟ್ಟೆ."

ದಾವಲ್‌ಬಿ ತಲೆಯೆತ್ತಿದಳು. ಅವಳು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ, ಆಗಲೂ ದನಿ ಏರಿಸಲಿಲ್ಲ. "ನೀ ಓಡಿ ಗಳಿಸಿದ್ದಕ್ಕ ದಾನ ಅಂತಾರ ಅಂತ ಎಷ್ಟು ಅತ್ತಿ ಕಾಶಿ, ಇದೇ ಕಟ್ಟಿ ಮ್ಯಾಲ. ನಾ ನಿನ್ನ ಕಣ್ಣೀರು ಒರಸೀನಿ. ನಾನೂ ಓಡಿ ಗಳಿಸಾಕಿ ಇದ್ದೆ. ಅದನ್ನ ನೀ ಕಸಗೊಂಡಿ. ಕಸಗೊಂಡು, ಮ್ಯಾಲ ದಾನ ಕೊಟ್ಟಿ. ಆವಾಗೂ ನನ್ನ ಕೇಳ್ಲಿಲ್ಲ, ಈಗೂ ಕೇಳ್ಲಿಲ್ಲ. ನಿನಗ ಬ್ಯಾಡಾದ ರಿಯಾಯಿತಿ ತಂದು ನನ್ನ ಕೊರಳಿಗೆ ಕಟ್ಟಿದಿ."

ಕಾಶವ್ವ ಬಗ್ಗಿ ತನ್ನ ಕಾಲಿನ ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಒಣಗಿದ ಸುಣ್ಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಚರ್ಮ ಕೆಂಪಾಯಿತು. ಯಾರ ಪರ ನಿಲ್ಲಬೇಕೋ ನನಗೆ ತಿಳಿಯಲಿಲ್ಲ. ಒಳಗೆ ಹೋಗಿ ಚಹ ಕಾಸಿ ತಂದೆ, ಬರುವಷ್ಟರಲ್ಲಿ ಕಟ್ಟೆ ಖಾಲಿಯಿತ್ತು.

ಮರುದಿನ ದೊಡ್ಡ ಓಟದಲ್ಲಿ ನಮ್ಮೂರಿನ ಹೆಂಗಸರ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಕೂಗಿದ ಹೆಸರಿನವಳು ದಾಟಿರಲಿಲ್ಲ, ದಾಟಿದವಳ ಹೆಸರು ಕೂಗಿರಲಿಲ್ಲ. ಇಮಾಂಬಿಗೆ ಕೆಮ್ಮಿನ ನೆಪ ಹೇಳಿ ಮುಗಿಸಿದರು. ಖಾನಾವಳಿಯಲ್ಲಿ ಗದಿಗೆಪ್ಪ ಚಹ ಕುಡಿಯುತ್ತ, "ಸಮ ಮಾಡ್ರಿ ಅಂದ್ರು, ಕೆರಿ ಸಮ ಮಾಡ್ತು. ಎಲ್ಲಿ, ಒಬ್ಬಾಕಿನಾದ್ರೂ ದಾಟಿದ್ಲೇನು?" ಎಂದ. ತಂಗಿಯ ಕಾಲಿನ ಗೆರೆಯನ್ನು ಮನೆಯಲ್ಲಿ ಕಣ್ಣಾರೆ ಕಂಡವನು ಹೀಗೆಂದ. ಅವನಿಗೆ ಏನು ಹೇಳುವುದು, ಕೋಣನ ಮುಂದೆ ಕಿನ್ನರಿ.

ಇಮಾಂಬಿ ಆ ಮಾಗಿಯಲ್ಲಿ ತೀರಿಕೊಂಡಳು, ನಗುನಗುತ್ತಲೇ. ಅವಳಿಗೆ ತಿಳಿದಿತ್ತೇ ಎಂದು ನನಗೆ ಒಮ್ಮೊಮ್ಮೆ ಅನುಮಾನ. ಅವತ್ತು ಬೆಲ್ಲ ಇಡುವಾಗ ಸೊಸೆಯ ಸೀರೆ ಇನ್ನೂ ಹಸಿಯಿತ್ತು, ಮುದುಕಿಯ ಕೈ ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ತಿಳಿದಿದ್ದರೂ ಅವಳು ಬಾಯಿ ಬಿಡಲಿಲ್ಲ.

ಇದಾಗಿ ಬಹಳ ವರ್ಷಗಳಾದವು. ಕಾಶವ್ವ ಮತ್ತೆಂದೂ ನನ್ನ ಮುಂದೆ ಕಾಲು ಚಾಚಲಿಲ್ಲ. ದಿನಾ ಸಂಜೆ ಗಾಣ ನಿಲ್ಲಿಸಿದ ಮೇಲೆ ದಂಡೆಗೆ ಇಳಿಯುತ್ತಾಳೆ, ಎಣ್ಣೆಗೈಯಲ್ಲೇ ಕೂತು, "ಕಾಯವ್ವ, ಇನ್ನೊಮ್ಮೆ ಕಾಯಿ" ಎನ್ನುತ್ತಾಳೆ. ಊರಿನಲ್ಲಿ ದಂಡೆಯ ಮೇಲೆ ಮಾತಾಡುವವಳು ಅವಳೊಬ್ಬಳೇ. ಕೆರೆ ಕೇಳುವುದಿಲ್ಲವೆಂದು ಗೊತ್ತಿರುವುದರಿಂದ ಯಾರೂ ತಡೆಯುವುದಿಲ್ಲ. ಅವಳಂಥ ಕಾಲಿನ ಹೆಣ್ಣು ಮತ್ತೆ ಹುಟ್ಟಲಿಲ್ಲ, ಹುಟ್ಟಿದ್ದರೂ ಓಟದ ಗೊಡವೆಗೆ ಹೋಗಲಿಲ್ಲ. ಮೊದಲು ಹೆಂಗಸರ ಬೆಳಗಿಗೆ ನಾನು ಒಂದು ಕೊಡ ತುಂಬ ಸುಣ್ಣ ಕಲಸುತ್ತಿದ್ದೆ. ಈಗ ಒಂದು ಕರಟದಷ್ಟು ಸಾಕು.

ಆ ಕರಟದ ಸುಣ್ಣವೂ ದಾವಲ್‌ಬಿಗೇ. ತಲೆ ಬೆಳ್ಳಗಾಗಿದೆ, ಕೆಮ್ಮು ಹೆಚ್ಚಾಗಿದೆ, ಮೊಮ್ಮಕ್ಕಳಾಗಿದ್ದಾರೆ. ಆದರೂ ವರ್ಷಕ್ಕೊಮ್ಮೆ ಬಂದು ಕೂತು ಕಾಲು ಚಾಚುತ್ತಾಳೆ. ನೀರು ಅವಳ ಗೆರೆ ತಿನ್ನುವ ಜಾಗ ಈಗ ವರ್ಷವರ್ಷಕ್ಕೆ ನಮ್ಮ ದಂಡೆಯ ಕಡೆಗೇ ಸರಿಯುತ್ತಿದೆ; ಹೋದ ವರ್ಷ ತೆಪ್ಪ ಬೇಕಾಗಲಿಲ್ಲ, ನಡೆದೇ ಮರಳಿದಳು. ಈ ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಸಾಕು ಮಾಡಬಾರದೇನ ದಾವಲವ್ವ? ಕೇಳಾಕ ಮುದುಕೀನೂ ಇಲ್ಲ. ಹೆಸರು ಹೆಂಗೂ ಒಮ್ಮೆ ಕೂಗ್ಯಾರಲ್ಲ."

ಅವಳು ಕೆಮ್ಮು ನಿಲ್ಲುವ ತನಕ ಕಾದು, ಸೀರೆಯ ಅಂಚನ್ನು ಮೇಲಕ್ಕೆ ಸಿಕ್ಕಿಸಿಕೊಂಡಳು. "ಅದಕ್ಕ ಓಡ್ತೀನಿ ಸುಣ್ಣದಕ್ಕ" ಎಂದಳು. "ನನ್ನ ಹೆಸರು ಒಮ್ಮೆ ಸುಳ್ಳು ಕೂಗ್ಯಾರ. ಅದನ್ನ ಖರೇ ಮಾಡೂದು ಉಳದೈತಿ. ಎಳಿ, ಹೊತ್ತಾತು."

ಎಳೆದೆ. ದಂಡೆಯ ಕೆಳಗೆ ನೀರು ಆಗಲೇ ದಾರಿ ಬಿಟ್ಟು ನಿಂತಿತ್ತು.